ಗರಸು, ಸಿಮೆಂಟು ಮತ್ತು ಕಿಂಕರ್‌ದಾ: ಶಾಂತಿನಿಕೇತನದಿಂದ ಬಾಂಕುರಾಕ್ಕೆ

ಗುರುವಾರ, ಹೌರಾದಿಂದ ಬೋಲ್ಪುರ

ಸೆಪ್ಟೆಂಬರ್ ಮೊದಲ ವಾರದಲ್ಲಿ ಶಾಂತಿನಿಕೇತನಕ್ಕೆ ಹೋಗುವವರು ಕಡಿಮೆ. ಡಿಸೆಂಬರಿನ ಪೌಷಮೇಳಕ್ಕೆ, ಹೋಳಿ ಹೊತ್ತಿನ ವಸಂತೋತ್ಸವಕ್ಕೆ ಅರ್ಧ ಕಲಕತ್ತೆ ಅಲ್ಲಿಗೆ ಬಂದಿಳಿಯುತ್ತದಂತೆ. ಆಗ ಲಾಡ್ಜಿನವರು ಹೇಳಿದ್ದೇ ಬಾಡಿಗೆ. ನಮಗೆ ಮೇಳ ಬೇಕಿರಲಿಲ್ಲ. ರವೀಂದ್ರನಾಥ ಠಾಕೂರರ ಮನೆಗಳೂ ಈ ಸಲ ಎರಡನೇ ಮಾತು. ರಾಮ್‌ಕಿಂಕರ್ ಬೈಜ್ ಎಂಬ ಶಿಲ್ಪಿ ಮಾಡಿಟ್ಟಿದ್ದನ್ನು ಅದು ಹುಟ್ಟಿದ ಬಯಲಲ್ಲೇ ನಿಂತು ನೋಡಬೇಕು ಎಂಬುದಷ್ಟೇ ಆಸೆ.

ಜೊತೆಗೆ ಬಂದವರು ಅತ್ತಿಗೆ. "ಕಲೆ ಗಿಲೆ ನಂಗೆ ಅರ್ಥ ಆಗುದಿಲ್ಲ, ಸ್ವೀಟು ಒಳ್ಳೇದು ಸಿಗ್ತದಲ್ಲ?" ಎಂದು ಕೇಳಿಯೇ ಹೊರಟವರು. ಕಾರ್ಕಳದಲ್ಲಿ ಮನೆ ಕಟ್ಟಿಸುವಾಗ ಅಣ್ಣ ಊರಲ್ಲಿರಲಿಲ್ಲ. ಮೇಸ್ತ್ರಿಯ ಜೊತೆ ಜಗಳವಾಡಿ ಪಾಯದಿಂದ ತಾರಸಿಯವರೆಗೆ ನಿಂತು ಮಾಡಿಸಿದವರು ಇವರೇ. ಹಾಗಾಗಿ ಸಿಮೆಂಟಿನ ವಿಷಯಕ್ಕೆ ನಮ್ಮ ಮನೆಯಲ್ಲಿ ಅವರದೇ ಕೊನೆಯ ಮಾತು. ಅದು ಈ ಪ್ರವಾಸದಲ್ಲಿ ಎಷ್ಟು ಉಪಯೋಗಕ್ಕೆ ಬಂತೆಂದರೆ, ಮುಂದೆ ಹೇಳುತ್ತೇನೆ.

ಬರ್ಧಮಾನ್ ಸ್ಟೇಷನ್ನಿನಲ್ಲಿ ಕಿಟಕಿಯಿಂದಲೇ ಸೀತಾಭೋಗ್, ಮಿಹಿದಾನಾ ಕೊಂಡೆವು. ಮಿಹಿದಾನಾ ಎಂದರೆ ಸಾಸಿವೆ ಗಾತ್ರದ ಬೂಂದಿ, ತುಪ್ಪದ ಘಮ. ಅಲ್ಲಿಂದ ಮುಂದೆ ಹಳಿಯ ಪಕ್ಕ ಕಾಶ ಹೂವು ಬಿಳಿ ತೆನೆ ಬಿಟ್ಟಿತ್ತು. ಗದ್ದೆ ಮೊಣಕಾಲೆತ್ತರ ಹಸಿರು. ಅಜಯ್ ನದಿ ದಾಟುವ ಹೊತ್ತಿಗೆ ಮಣ್ಣಿನ ಬಣ್ಣ ಬದಲಾಗಿತ್ತು. "ಎಂತ ಮಾರಾಯ್ತಿ, ಇದು ನಮ್ಮ ಮುರಕಲ್ಲಿನ ಮಣ್ಣೇ!" ಅತ್ತಿಗೆ ಕಿಟಕಿಗೆ ಮುಖ ಒತ್ತಿ ಹೇಳಿದರು. ಹೌದು, ಅದೇ ಕೆಂಪು, ಅದೇ ಗರಸು. ಸಮುದ್ರ ಮಾತ್ರ ಇಲ್ಲ.

ಶಾಂತಿನಿಕೇತನಕ್ಕೆ ಇಳಿಯಬೇಕಾದ ಬೋಲ್ಪುರ ಸ್ಟೇಷನ್ ಹೊರಗೆ ಟೋಟೊಗಳ ಸಾಲು. ಬ್ಯಾಟರಿ ರಿಕ್ಷಾಕ್ಕೆ ಅಲ್ಲಿ ಎಲ್ಲರೂ ಹೇಳುವುದು ಹಾಗೆ. ಹತ್ತುವ ಮೊದಲೇ ದರ ಮಾತಾಡಿಕೊಂಡರೆ ಒಳ್ಳೆಯದು. ಸಂಜೆ ಕರೆಂಟು ಹೋಯಿತು. ಸೆಕೆಗೆ ಬೆನ್ನು ಅಂಗಿಗೆ ಅಂಟಿಕೊಂಡಿತ್ತು. ಉಳಿದುಕೊಂಡ ಮನೆಯ ಯಜಮಾನತಿ, ಎಲ್ಲರೂ ಬೌದಿ ಎನ್ನುತ್ತಿದ್ದರು, ಮೊಂಬತ್ತಿ ಬೆಳಕಲ್ಲಿ ತಟ್ಟೆ ತುಂಬ ಬಿಸಿ ಉಂಡೆ ತಂದಿಟ್ಟರು. ತಾಳೆಹಣ್ಣಿನ ರಸ ಹಿಂಡಿ, ಅಕ್ಕಿಹಿಟ್ಟು, ಕಾಯಿತುರಿ, ಬೆಲ್ಲ ಕಲಸಿ ಎಣ್ಣೆಯಲ್ಲಿ ಬಿಟ್ಟಿದ್ದು. ತಾಲೇರ್ ಬೊಡಾ. ಭಾದ್ರಪದದಲ್ಲಿ ಬಂದರೆ ಮಾತ್ರ ಸಿಗುವುದು. ಸೆಕೆಯ ದೂರು ಅಲ್ಲಿಗೆ ಮುಗಿಯಿತು.

ಶುಕ್ರವಾರ, ಕಲಾಭವನ

ಕಲಾಭವನ ಎಂದರೆ ಶಾಂತಿನಿಕೇತನದ ವಿಶ್ವಭಾರತಿ ವಿಶ್ವವಿದ್ಯಾಲಯದ ಕಲಾಶಾಲೆ. ವಿಶ್ವಭಾರತಿಗೆ ವಾರದ ರಜೆ ಬುಧವಾರ. ಅದು ಗೊತ್ತಿಲ್ಲದೆ ಭಾನುವಾರವನ್ನು ತಪ್ಪಿಸಿ ಬುಧವಾರಕ್ಕೆ ಬರುವವರು ಬಹಳ ಜನ ಎಂದು ಟೋಟೊ ಹುಡುಗ ನಕ್ಕ. ಹೊರಗಿನವರನ್ನು ಒಳಗೆ ಬಿಡುವ ನಿಯಮ, ವೇಳೆ ಆಗಾಗ ಬದಲಾಗುತ್ತದೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಗೇಟಿನಲ್ಲಿ ಕೇಳಿಯೇ ಮುಂದಕ್ಕೆ ಹೋಗಬೇಕು. ಕ್ಯಾಮೆರಾ ಚೀಲದಲ್ಲಿಟ್ಟು, ಗೇಟಿನಲ್ಲಿದ್ದವರನ್ನು 'ದಾದಾ' ಎಂದು ಮಾತಾಡಿಸಿ, ಏನು ನೋಡಬೇಕೆಂದು ಹೇಳಿದೆವು. "ಓ, ಕಿಂಕರ್‌ದಾ!" ಎಂದರು. ತೀರಿಕೊಂಡು ನಲವತ್ತು ವರ್ಷ ದಾಟಿದೆ, 1980ರ ಆಗಸ್ಟ್ 2ಕ್ಕೆ ಹೋದವರು. ಅಲ್ಲಿ ಮಾತ್ರ ಇನ್ನೂ ಪಕ್ಕದ ಮನೆಯ ಅಣ್ಣ.

ಮೊದಲು ಕಣ್ಣಿಗೆ ಬಿದ್ದದ್ದು 1938ರ 'ಸಂಥಾಲ ಕುಟುಂಬ'. ಸಂಥಾಲರು ಆ ಕಡೆಯ ಆದಿವಾಸಿಗಳು. ಆಳೆತ್ತರ ಮೀರಿದ ಗಂಡಸು, ಹೆಗಲ ಮೇಲೆ ಕಾವಡಿ, ಕಾವಡಿಯ ಒಂದು ಬುಟ್ಟಿಯಲ್ಲಿ ಮಗು. ಪಕ್ಕದಲ್ಲಿ ತಲೆಯ ಮೇಲೆ ಹೊರೆ, ಸೊಂಟದಲ್ಲಿ ಕೂಸು ಹೊತ್ತ ಹೆಂಗಸು. ಕಾಲ ಬಳಿ ನಾಯಿ. ಇರುವ ಸಂಸಾರವನ್ನೆಲ್ಲ ಹೊತ್ತು ಎಲ್ಲಿಗೋ ಹೊರಟಿದ್ದಾರೆ, ಕೂಲಿ ಹುಡುಕಿಕೊಂಡು. ಆ ಕಾಲಕ್ಕೆ ನಮ್ಮ ಊರುಗಳ ಸರ್ಕಲ್ಲುಗಳಲ್ಲಿ ನಿಲ್ಲುತ್ತಿದ್ದವರು ಯಾರು ನೆನಪಿಸಿಕೊಳ್ಳಿ: ಮಹಾರಾಜರು, ರಾಣಿ ವಿಕ್ಟೋರಿಯಾ, ಕುದುರೆ ಏರಿದ ದೊರೆಗಳು, ಎಲ್ಲರೂ ಎತ್ತರದ ಕಲ್ಲುಕಟ್ಟೆಯ ಮೇಲೆ. ಇಲ್ಲಿ ಕಟ್ಟೆ ಇದೆಯೋ ಇಲ್ಲವೋ ಎನ್ನುವಷ್ಟು ತಗ್ಗು. ಅವರು ನಡೆಯುವ ನೆಲದಲ್ಲೇ ನಾವೂ ನಿಂತಿರುತ್ತೇವೆ. ಭಾರತದ ಸಾರ್ವಜನಿಕ ಆಧುನಿಕ ಶಿಲ್ಪ ಇಲ್ಲಿಂದಲೇ ಶುರು ಎನ್ನುವವರಿದ್ದಾರೆ. ಮಳೆ ಬಿಸಿಲಿಗೆ ಹಾಳಾಗದಿರಲೆಂದು ಮೇಲೆ ಮಾಡು ಹಾಕಿದ್ದಾರೆ. ಕಾಪಾಡಲು ಬೇಕೇನೋ ನಿಜ, ಆದರೆ ಬಯಲಲ್ಲಿ ನಡೆಯಬೇಕಾದವರು ಬಸ್ ಸ್ಟಾಪಿನಲ್ಲಿ ನಿಂತ ಹಾಗೆ ಕಾಣುತ್ತಾರೆ ಎಂದು ನನ್ನ ತಕರಾರು.

ಅತ್ತಿಗೆ ಅಷ್ಟರಲ್ಲಿ ಹತ್ತಿರ ಹೋಗಿ, ಮುಟ್ಟದೆ, ಬಗ್ಗಿ ನೋಡುತ್ತಿದ್ದರು. "ಇದಕ್ಕೆ ಪ್ಲಾಸ್ಟರಿಂಗೇ ಮಾಡ್ಲಿಲ್ವಾ? ಗರಸು ಹಾಗೇ ಕಾಣ್ತದೆ."

ಅದೇ ಅದರ ಗುಟ್ಟು. ಕಂಚು ಎರಕ ಹೊಯ್ಯಲು ದುಡ್ಡಿಲ್ಲ, ಅಮೃತಶಿಲೆ ತರಿಸಲು ಮೊದಲೇ ಇಲ್ಲ. ಕಾಲ ಕೆಳಗಿನ ಕೆಂಪು ಕಲ್ಲಿನ ಹರಳು ಬಾಚಿ, ಸಿಮೆಂಟಿಗೆ ಬೆರೆಸಿ, ಕಬ್ಬಿಣದ ಕಂಬಿಯ ಹಂದರದ ಮೇಲೆ ಮುದ್ದೆ ಮುದ್ದೆಯಾಗಿ ಎಸೆದು ಅಂಟಿಸುವುದು, ಹಸಿ ಇರುವಾಗಲೇ ಕರಣೆಯಿಂದ ಕೆತ್ತಿ ಕೆರೆದು ರೂಪ ತರುವುದು. ಅತ್ತಿಗೆಗೆ ನಾನು ಇದನ್ನು ಪುಸ್ತಕದಿಂದ ಹೇಳಿದೆ. ಅವರು ಕೈಯಿಂದ ಹೇಳಿದರು: ಎಸೆದರೆ ಮಾತ್ರ ಅದು ಕಂಬಿಯನ್ನು ಕಚ್ಚಿ ಹಿಡಿಯುತ್ತದೆ, ಮೆತ್ತಿದರೆ ಒಳಗೆ ಗಾಳಿ ಉಳಿದು ಬಿರುಕು ಬಿಡುತ್ತದೆ, ಗಾರೆ ಕಟ್ಟಿಬಿಡುವ ಮೊದಲು, ಒಂದು ಗಂಟೆಯೊಳಗೆ ಆ ಭಾಗದ ಕೆಲಸ ಮುಗಿಯಬೇಕು, ಆಮೇಲೆ ದಿನಾ ನೀರು ಹಾಕಬೇಕು. "ಈ ಜನ ಮೇಸ್ತ್ರಿಗಳಿಗಿಂತ ಚುರುಕು ಇದ್ದಿರಬೇಕು," ಎಂದು ಸರ್ಟಿಫಿಕೇಟು ಕೊಟ್ಟರು. ಹೆಂಗಸಿನ ತೋಳಿನ ಹೊರಬದಿಯಲ್ಲಿ ಹರಳುಗಳು ದಟ್ಟ, ಒಂದೊಂದೂ ಕಡಲೆ ಗಾತ್ರ. ಒಳಬದಿಗೆ ಬರುತ್ತ ಕರಣೆ ಎಳೆದ ಗೆರೆ ಉದ್ದಕ್ಕೆ ಇಳಿದಿದೆ. ಕೂಸನ್ನು ಒತ್ತಿ ಹಿಡಿದ ಬಿಗಿ ಆ ಗೆರೆಯಲ್ಲೇ ಇದೆ. ಫೋಟೊದಲ್ಲಿ ಇದು ಯಾವುದೂ ಕಾಣುವುದಿಲ್ಲ, ಬೂದುಬಣ್ಣದ ಗೊಂಬೆ ಅಷ್ಟೆ.

1956ರ 'ಗಿರಣಿಯ ಕರೆ' ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ನಡಿಗೆ, ಇಲ್ಲಿ ಓಟ. ಅಕ್ಕಿ ಗಿರಣಿಯ ಸೈರನ್ ಕೇಳಿ ಇಬ್ಬರು ಹೆಂಗಸರು ಓಡುತ್ತಿದ್ದಾರೆ, ಒಬ್ಬಳು ಹಿಂದಿರುಗಿ ನೋಡುತ್ತಿದ್ದಾಳೆ, ಜೊತೆಗೆ ಹುಡುಗ. ಮಿಂದು ಒದ್ದೆಯಾದ ಸೀರೆ ಓಡುತ್ತಲೇ ಗಾಳಿಗೆ ಒಣಗಬೇಕು, ನಿಂತು ಒಣಗಿಸಲು ಪುರುಸೊತ್ತಿಲ್ಲ. ಸಿಮೆಂಟು ಗಾಳಿಯಲ್ಲಿ ಹಾರಾಡಬಲ್ಲದು ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಗೇಟಿನಾಚೆ ಚಹಾ ಅಂಗಡಿಯಲ್ಲಿ ಕುಡಿಕೆ ಚಹಾ ಕುಡಿಯುವಾಗ ಅಂಗಡಿಯಾತ ತನ್ನ ಅಜ್ಜಿಯೂ ಬೋಲ್ಪುರದ ಅಕ್ಕಿ ಗಿರಣಿಯಲ್ಲಿ ದುಡಿದವಳು ಎಂದ. ಆ ಶಿಲ್ಪ ನೋಡಿದ್ದಳೇ ಎಂದು ಕೇಳಿದೆ. "ನೋಡದೇ ಏನು? ಸೀರೆ ಇಷ್ಟು ಮೇಲೆ ಹಾರೋದಿಲ್ಲ, ಬಾಬು ಜಾಸ್ತಿ ಮಾಡಿದಾರೆ ಅಂತಿದ್ದಳು." ಇಷ್ಟು ನೇರವಾದ ವಿಮರ್ಶೆ ನಾನು ಬೇರೆಲ್ಲೂ ಓದಿಲ್ಲ.

ಮಧ್ಯಾಹ್ನದ ಮೇಲೆ ಮರಗಳ ನಡುವೆ 'ಸುಜಾತಾ'. 1935ರದ್ದು. ಸಪೂರ, ಉದ್ದ, ಮರಗಳ ಜೊತೆ ತಾನೂ ಬೆಳೆದು ನಿಂತ ಹುಡುಗಿ. ಮೊದಲು ಬರೀ ಹುಡುಗಿಯೇ ಆಗಿದ್ದಳಂತೆ. ಹತ್ತಿರದಲ್ಲಿ ಬುದ್ಧನ ಮೂರ್ತಿ ಇದ್ದುದರಿಂದ ತಲೆಯ ಮೇಲೊಂದು ಪಾಯಸದ ಪಾತ್ರೆ ಇಟ್ಟುಬಿಡು ಎಂದು ಗುರು ನಂದಲಾಲ್ ಬೋಸರು ಹೇಳಿದರಂತೆ. ಬುದ್ಧನಿಗೆ ಪಾಯಸ ಕೊಟ್ಟ ಸುಜಾತಾ ಆದದ್ದು ಹಾಗೆ. ಅದನ್ನು ನೋಡಿದ ಮೇಲೆ ರವೀಂದ್ರರು ರಾಮ್‌ಕಿಂಕರರನ್ನು ಕರೆಸಿ, ಆಶ್ರಮವನ್ನೆಲ್ಲ ಮೂರ್ತಿಗಳಿಂದ ತುಂಬಿಬಿಡು ಎಂದರು ಎಂಬ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಈ ನಂದಲಾಲರು ನಮ್ಮ ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರ ಸಹಪಾಠಿ, ಕಲಕತ್ತೆಯಲ್ಲಿ ಅವನೀಂದ್ರನಾಥರ ಬಳಿ ಇಬ್ಬರೂ ಒಟ್ಟಿಗೆ ಕಲಿತವರು. ಕರಿ ಡಾಂಬರು ಬಳಿದ ಮಣ್ಣಿನ ಮನೆ 'ಕಾಲೊ ಬಾಡಿ'ಯ ಗೋಡೆಯ ಉಬ್ಬುಚಿತ್ರಗಳನ್ನೂ, ಕಾಲಡಿ ತಲೆಬುರುಡೆ ಇರುವ ಗಾಂಧಿಯನ್ನೂ ನೋಡುವಷ್ಟರಲ್ಲಿ ಮೋಡ ಕವಿದು ಬೆಳಕು ಹೋಯಿತು. ಆ ಗಾಂಧಿ ನೋಟಿನ ಗಾಂಧಿಯಲ್ಲ. ನಗುವುದಿಲ್ಲ.

ಶನಿವಾರ, ಕೋಪಾಯ್ ದಡ

ಬೆಳಿಗ್ಗೆ ಕಚೂರಿ, ಆಲೂ ತರಕಾರಿ. ಆಮೇಲೆ ಪಿಯರ್ಸನ್ ಪಲ್ಲಿಯ ಸಂಥಾಲರ ಕೇರಿ ಹಾದು ಕೋಪಾಯ್ ಕಡೆಗೆ. ಮಣ್ಣಿನ ಗೋಡೆಗಳು, ಗೋಡೆಯ ಬುಡಕ್ಕೆ ಕಪ್ಪು ಪಟ್ಟಿ, ಅಂಗಳ ಸಾರಿಸಿ ಗುಡಿಸಿ ಚೊಕ್ಕ. ರಾಮ್‌ಕಿಂಕರರ ಶಿಲ್ಪದಲ್ಲಿ ಕಂಡ ನಿಲುವುಗಳನ್ನು ಅಲ್ಲಿ ನಿಜ ಮನುಷ್ಯರಲ್ಲಿ ಹುಡುಕುವ ಚಾಳಿ ನನಗೆ ಶುರುವಾಗಿತ್ತು. ಅದು ಸರಿಯಲ್ಲ ಅನ್ನಿಸಿ ಬಿಟ್ಟೆ. ಅವರ ಮನೆ ಪ್ರದರ್ಶನಕ್ಕಿಟ್ಟದ್ದಲ್ಲ. ಫೋಟೊ ತೆಗೆಯಬೇಕೆನಿಸಿದರೆ ಕೇಳಿ, ಇಲ್ಲ ಎಂದರೆ ಸುಮ್ಮನೆ ಮುಂದೆ ಹೋಗಿ.

ಸೋನಾಝುರಿ ಕಾಡಿನ ಸಂತೆ ಶನಿವಾರದ್ದು. ಈಗೀಗ ಬೇರೆ ದಿನವೂ ಅಂಗಡಿ ಇಡುತ್ತಾರೆ. ಕಾಂಥಾ ಸೀರೆ, ಬೀಜದ ಸರ, ಏಕತಾರಿ ಹಿಡಿದ ಬಾವುಲ ಹಾಡುಗಾರರು. ಅತ್ತಿಗೆ ಸೀರೆಗೆ ಚೌಕಾಸಿ ಮಾಡುತ್ತಿರುವಾಗ ಮಳೆ ಬಂತು. ಹನಿಯಲ್ಲಿ ಶುರುವಾಗುವ ಮಳೆಯಲ್ಲ, ಒಮ್ಮೆಗೇ ಸುರಿದದ್ದು. ಸಂತೆ ಐದು ನಿಮಿಷದಲ್ಲಿ ಟಾರ್ಪಾಲಿನ ಕೆಳಗೆ ಸೇರಿತು. ಖೋಯಾಯ್ ಎನ್ನುವ ಕೆಂಪು ಕೊರಕಲುಗಳಲ್ಲಿ ನೀರು ಹರಿವ ರಭಸ ನೋಡಿದರೆ ಆ ಭೂಮಿ ಹಾಗೇಕೆ ಸೀಳಿಕೊಂಡಿದೆ ಎಂದು ಯಾರೂ ಹೇಳಬೇಕಾಗಿಲ್ಲ. ಮಣ್ಣು ಕೊಚ್ಚಿ ಹೋಗಿ ಹರಳು ಮಾತ್ರ ಉಳಿಯುತ್ತದೆ. ಶಿಲ್ಪಕ್ಕೆ ಬೇಕಾದ ಗರಸನ್ನು ಮಳೆಯೇ ತೊಳೆದು ಜರಡಿ ಹಿಡಿದು ಕೊಟ್ಟ ಹಾಗೆ.

ವಾಪಸಾಗುವಾಗ ಟೋಟೊದ ಹಿಂದಿನ ಚಕ್ರ ಕೆಸರಿನಲ್ಲಿ ಹೂತುಹೋಯಿತು. ಚಾಲಕ, ನಾನು, ದಾರಿಹೋಕರಿಬ್ಬರು ನೂಕಿದೆವು. ನನ್ನ ಚಪ್ಪಲಿಯ ಬಾರು ಕಿತ್ತು ಕೆಸರಲ್ಲೇ ಉಳಿಯಿತು. ಅತ್ತಿಗೆ ಸೀರೆಯ ಕವರನ್ನು ತಲೆಯ ಮೇಲೆತ್ತಿ ಹಿಡಿದು "ದೂಡು, ಇನ್ನೂ ದೂಡು" ಎಂದು ಮೇಸ್ತ್ರಿಗಿರಿ ಮಾಡಿದರು. ಮಳೆಗಾಲಕ್ಕೆ ಹೋಗುವವರು ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡು ಹೋಗಿ, ಬಿಳಿ ಬಟ್ಟೆ ಮನೆಯಲ್ಲಿಡಿ. ಆ ಕೆಂಪು ಇನ್ನೂ ನನ್ನ ಚೂಡಿದಾರದಿಂದ ಹೋಗಿಲ್ಲ.

ರಾತ್ರಿ ಬೌದಿಯ ಮನೆಯ ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು. ಬಿಸಿ ಅನ್ನ, ಉದ್ದಿನ ಬೇಳೆಯ ದಾಲ್, ಆಲೂ ಪೋಸ್ತೊ. ಗಸಗಸೆಯನ್ನು ಅವರು ಪಾಯಸಕ್ಕಲ್ಲ, ಪಲ್ಯಕ್ಕೆ ಬಳಸುತ್ತಾರೆ, ಧಾರಾಳವಾಗಿ. ಊಟದ ಮಧ್ಯೆ ಯಜಮಾನರು ಒಂದು ಕಥೆ ತೆಗೆದರು. 1975ರಲ್ಲಿ ಸಿನಿಮಾ ನಿರ್ದೇಶಕ ಋತ್ವಿಕ್ ಘಟಕ್ ಕಿಂಕರ್‌ದಾ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಬಂದಿದ್ದರು, ಅದು ಪೂರ್ತಿಯಾಗಲಿಲ್ಲ. ಕಿಂಕರ್‌ದಾ ಮನೆಯ ಹುಲ್ಲಿನ ಮಾಡು ಸೋರುತ್ತಿತ್ತು. ಸೋರುವ ಕಡೆ ತಮ್ಮದೇ ತೈಲಚಿತ್ರದ ಕ್ಯಾನ್‌ವಾಸುಗಳನ್ನು ಸಿಕ್ಕಿಸಿಟ್ಟಿದ್ದರು. ಎಣ್ಣೆಬಣ್ಣ ನೀರು ಇಳಿಯಗೊಡುವುದಿಲ್ಲವಲ್ಲ! 1970ರಲ್ಲೇ ಪದ್ಮಭೂಷಣ ಬಂದ ಮನುಷ್ಯ. ಇದನ್ನು ಕೇಳಿ ಅಯ್ಯೋ ಪಾಪ ಎನ್ನುವವರೇ ಜಾಸ್ತಿ. ಯಜಮಾನರು ಹೇಳುವಾಗ ಮಾತ್ರ ಅದರಲ್ಲಿ ಪಾಪ ಇರಲಿಲ್ಲ, ತುಂಟತನವಿತ್ತು. ನನಗೂ ಹಾಗೇ ಅನ್ನಿಸಿತು: ಸಿಮೆಂಟು, ಗರಸು, ಕ್ಯಾನ್‌ವಾಸು, ಯಾವುದು ಯಾವ ಕೆಲಸಕ್ಕೆ ಆಗುತ್ತದೋ ಅದಕ್ಕೆ.

ಭಾನುವಾರ, ಬಾಂಕುರಾ ದಾರಿ

ರಾಮ್‌ಕಿಂಕರ್ ಹುಟ್ಟಿದ ಊರು ಬಾಂಕುರಾ. ಅಲ್ಲಿಗೆ ನೇರ ಬಸ್ಸಿಗೆ ಕಾಯುವುದಕ್ಕಿಂತ ದುರ್ಗಾಪುರದಲ್ಲಿ ಬಸ್ ಬದಲಿಸುವುದು ಸುಲಭ. ಇಲಾಮ್‌ಬಜಾರ್ ಹತ್ತಿರದ ಸಾಲವೃಕ್ಷದ ಕಾಡಿನ ನಡುವೆ ನಮ್ಮ ಬಸ್ಸಿನ ಟಯರು ಪಂಕ್ಚರ್. ಎಲ್ಲರೂ ಇಳಿದರು. ರಸ್ತೆ ಬದಿಯಲ್ಲಿ ಹೆಂಗಸೊಬ್ಬಳು ಎಲೆಯ ಮೇಲೆ ಗೋಲಿಯಂಥ ಅಣಬೆ ಹರಡಿಕೊಂಡಿದ್ದಳು. ಅತ್ತಿಗೆ ಒಂದನ್ನು ಎತ್ತಿ ಉಗುರಿನಿಂದ ಒತ್ತಿ, "ಕಲ್ಲಣಬೆ!" ಎಂದು ಕೂಗಿಯೇಬಿಟ್ಟರು. ಅದೇ, ಮಳೆಗಾಲದ ಗುಡುಗಿಗೆ ನಮ್ಮ ಗುಡ್ಡದಲ್ಲಿ ಏಳುವುದು. ಅವರಿಗೆ ಬಂಗಾಳಿ ಬಾರದು, ಆಕೆಗೆ ಕನ್ನಡ ಬಾರದು. ಸಿಪ್ಪೆ ಬಲಿತಿದೆಯೇ, ಮಣ್ಣು ಹೇಗೆ ತೊಳೆಯುವುದು, ಎಲ್ಲ ಕೈಯಲ್ಲೇ ಮಾತಾಡಿ ಕಾಲು ಕಿಲೊ ಕೊಂಡರು. ಎಲ್ಲಿ ಬೇಯಿಸುವುದು ಎಂಬ ಪ್ರಶ್ನೆ ಆಮೇಲೆ ಬಂತು. ಸಂಜೆ ಲಾಡ್ಜಿನ ಅಡುಗೆಯವನೇ ಪೋಸ್ತೊ ಹಾಕಿ ಮಾಡಿಕೊಟ್ಟ.

ದಾಮೋದರ ನದಿಯ ಮೇಲಿನ ದುರ್ಗಾಪುರ ಅಣೆಕಟ್ಟು ದಾಟಿದ ಮೇಲೆ ಬೇಲಿಯಾತೋಡ್. ಚಿತ್ರಕಾರ ಜಾಮಿನಿ ರಾಯ್ 1887ರಲ್ಲಿ ಹುಟ್ಟಿದ ಊರು. ಒಂದೇ ಜಿಲ್ಲೆ ಆಧುನಿಕ ಕಲೆಗೆ ಇಂಥ ಇಬ್ಬರನ್ನು ಕೊಟ್ಟಿತಲ್ಲ ಎಂದು ನಾನು ಯೋಚಿಸುತ್ತಿದ್ದರೆ, ಬಸ್ಸಿನವರೆಲ್ಲ ಅಲ್ಲಿ ಇಳಿದದ್ದು 'ಮೇಚಾ' ಕೊಳ್ಳಲು. ಕಡಲೆಹಿಟ್ಟು ಕರಿದು ಪುಡಿಮಾಡಿ ಉಂಡೆ ಕಟ್ಟಿ ಸಕ್ಕರೆ ಮೆತ್ತಿದ ಸಿಹಿ. ಬೆಲೆ ಕಡಿಮೆ, ಕೆಡುವುದಿಲ್ಲ, ಊರಿಗೆ ಒಯ್ಯಲು ಅದೇ ಸರಿ.

ಸೋಮವಾರ, ಬಾಂಕುರಾ

ಜುಗಿಪಾಡಾ ಇಕ್ಕಟ್ಟಿನ ಕೇರಿ. ರಾಮ್‌ಕಿಂಕರ್ 1906ರ ಮೇ 25ಕ್ಕೆ ಹುಟ್ಟಿದ್ದು ಇಲ್ಲಿ, ಕ್ಷೌರಿಕ ಮನೆತನದಲ್ಲಿ. ಮನೆತನದ ಹೆಸರು ಪರಾಮಾಣಿಕ್. ಬೈಜ್ ಆಮೇಲೆ ತಾವೇ ಇಟ್ಟುಕೊಂಡದ್ದು. ಹುಡುಗ ನೆರೆಯ ಮೂರ್ತಿಕಾರರ ಅಂಗಳದಲ್ಲೇ ಕಾಲ ಕಳೆಯುತ್ತಿದ್ದ. ಅಸಹಕಾರ ಚಳವಳಿಯ ದಿನಗಳಲ್ಲಿ ನಾಯಕರ ಚಿತ್ರ ಬರೆದುಕೊಡುತ್ತಿದ್ದ. ಅದೇ ಜಿಲ್ಲೆಯವರಾದ 'ಮಾಡರ್ನ್ ರಿವ್ಯೂ' ಪತ್ರಿಕೆಯ ಸಂಪಾದಕ ರಾಮಾನಂದ ಚಟರ್ಜಿ ಅದನ್ನು ಕಂಡು 1925ರಲ್ಲಿ ಶಾಂತಿನಿಕೇತನಕ್ಕೆ ಕರೆಸಿದರು. ಇವನ ಕೆಲಸ ನೋಡಿದ ನಂದಲಾಲರು, ನಿನಗೆ ಎಲ್ಲ ಬರುತ್ತದಲ್ಲ, ಆದರೂ ಎರಡು ಮೂರು ವರ್ಷ ಇರು ಎಂದರಂತೆ. ಆ ಎರಡು ಮೂರು ವರ್ಷ ಕೊನೆಯವರೆಗೂ ಮುಗಿಯಲಿಲ್ಲ ಎಂದು ಕಿಂಕರ್‌ದಾ ತಮಾಷೆ ಮಾಡುತ್ತಿದ್ದರಂತೆ.

ಕೇರಿಯಿಂದ ಸ್ವಲ್ಪ ಆಚೆಗೆ ಒಂದು ಕೊಟ್ಟಿಗೆಯಲ್ಲಿ ದುರ್ಗೆಯರು ಸಾಲಾಗಿ ನಿಂತಿದ್ದರು, ಇನ್ನೂ ತಲೆಯಿಲ್ಲದೆ. ಪೂಜೆಗೆ ತಿಂಗಳಷ್ಟೇ ಬಾಕಿ. ಒಳಗೆ ಬರಬಹುದೇ ಎಂದಾಗ ವಯಸ್ಸಾದ ಮೂರ್ತಿಕಾರರು ತಲೆಯಾಡಿಸಿ ಕೆಲಸ ಮುಂದುವರಿಸಿದರು. ಬಿದಿರಿನ ಚೌಕಟ್ಟು, ಅದಕ್ಕೆ ಬೈಹುಲ್ಲನ್ನು ಸುತ್ತಿ ಹುರಿಯಿಂದ ಬಿಗಿದು ತೊಡೆ, ಸೊಂಟ, ತೋಳು. ಅದರ ಮೇಲೆ ಹೊಟ್ಟು ಬೆರೆಸಿದ ಜೇಡಿಮಣ್ಣಿನ ಮುದ್ದೆಯನ್ನು ಅವರು ಅಂಗೈಯಿಂದ ಬೀಸಿ ಹೊಡೆಯುತ್ತಿದ್ದರು. ಫಟ್, ಫಟ್. ಹೊಡೆದದ್ದು ಹುಲ್ಲಿಗೆ ಕಚ್ಚಿಕೊಳ್ಳುತ್ತಿತ್ತು. ಬೆರಳಿನಿಂದ ಒಮ್ಮೆ ಎಳೆದರೆ ಅದು ಮಹಿಷನ ಬೆನ್ನು.

ಅತ್ತಿಗೆ ನನ್ನ ಮೊಣಕೈ ತಿವಿದರು. "ಮೊನ್ನೆ ನೀನು ಹೇಳಿದ್ದು ಇದೇ ಅಲ್ವಾ? ಕಂಬಿ ಬದಲು ಬಿದಿರು, ಸಿಮೆಂಟಿನ ಬದಲು ಮಣ್ಣು."

ಇದನ್ನು ನೋಡಲಿಕ್ಕೆಂದೇ ನಾನು ಬಾಂಕುರಾಕ್ಕೆ ಬಂದಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ರಾಮ್‌ಕಿಂಕರರ ಬಗ್ಗೆ ಓದಿದ್ದರಲ್ಲೆಲ್ಲ ಪ್ಯಾರಿಸ್ಸಿನ ಶಿಲ್ಪಿ ಬೂರ್ದೆಲ್ ಹೆಸರು ಬರುತ್ತದೆ. ಬೂರ್ದೆಲ್‌ನ ಶಿಷ್ಯೆ ಮಾರ್ಗರೀಟ್ ಮಿಲ್ವರ್ಡ್ ಶಾಂತಿನಿಕೇತನಕ್ಕೆ ಬಂದು ಕಲಿಸಿದ್ದೂ ನಿಜ. ಆದರೆ ಆ ಕೊಟ್ಟಿಗೆಯಲ್ಲಿ ಕಾಲು ಗಂಟೆ ನಿಂತ ಮೇಲೆ, ಎಸೆದು ಕಟ್ಟುವ ಆ ಕೈ ಎಲ್ಲಿ ಪಳಗಿತ್ತು ಎಂಬುದಕ್ಕೆ ಪ್ಯಾರಿಸ್ಸಿನವರೆಗೆ ಹೋಗಬೇಕು ಅನ್ನಿಸಲಿಲ್ಲ. ದೇವಿಯನ್ನು ಹತ್ತು ದಿನಕ್ಕೆ ನೀರಿಗೆ ಬಿಡುತ್ತಾರೆ. ಅದೇ ವಿದ್ಯೆಯಿಂದ ಕೂಲಿಯವರ ಸಂಸಾರವನ್ನು ಮಳೆಗೆ ಕರಗದ ಹಾಗೆ ಕಟ್ಟಿದ್ದು ಅವರ ಸ್ವಂತದ್ದು.

ಸಂಜೆ ಊರಿಗೆ ತಾಗಿದ ಬಿಕನಾದಲ್ಲಿ ಢೋಕ್ರಾ ಕೆಲಸಗಾರರ ಮನೆಗಳು. ಮೇಣದ ಎಳೆ ಸುತ್ತಿ, ಮಣ್ಣು ಮುಚ್ಚಿ, ಸುಟ್ಟು, ಕರಗಿದ ಹಿತ್ತಾಳೆ ಹೊಯ್ಯುವುದು. ಅಲ್ಲಿ ಚೌಕಾಸಿ ಬೇಡ ಎಂದು ಅತ್ತಿಗೆಗೆ ಮೊದಲೇ ಹೇಳಿದ್ದೆ. ಕೇಳಿದಷ್ಟು ಕೊಟ್ಟು ಒಂದು ಆನೆ ಕೊಂಡರು. ಆಮೇಲೆ ದಾರಿಯುದ್ದಕ್ಕೂ ಇನ್ನೂ ಐವತ್ತು ಕಡಿಮೆ ಆಗುತ್ತಿತ್ತು ಎಂದರು.

ಮಂಗಳವಾರ, ಬಿಷ್ಣುಪುರ

ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಬಿಷ್ಣುಪುರಕ್ಕೆ ಒಂದು ದಿನ ಸಾಲದು. 1643ರ ಶ್ಯಾಮ್ ರಾಯ್ ಗುಡಿಯ ಸುಟ್ಟಮಣ್ಣಿನ ಬಿಲ್ಲೆಗಳನ್ನು ಎಲ್ಲರೂ ನೋಡುತ್ತಾರೆ. ಮುರಕಲ್ಲಿನಲ್ಲಿ ಕಟ್ಟಿದ ಗುಡಿಗಳೂ ಅಲ್ಲಿವೆ, ಅವುಗಳ ಬಳಿ ಜನ ಕಡಿಮೆ. ತೂತು ತೂತಿನ ಕಲ್ಲಿನ ಮೇಲೆ ಸುಣ್ಣದ ಗಾರೆ ಮೆತ್ತಿ ಅದರಲ್ಲಿ ಕೆತ್ತನೆ ಮಾಡಿದ್ದರು. ಗಾರೆ ಉದುರಿ ಈಗ ಕಲ್ಲು ಕಾಣುತ್ತದೆ. ಆ ನೆಲದಲ್ಲಿ ಗರಸಿನಿಂದ ರೂಪ ತೆಗೆಯುವ ಕೆಲಸ ಹೊಸದಲ್ಲ. ಸಂಜೆಯ ರೈಲಿಗೆ ಕಲಕತ್ತೆ.

ಗುರುವಾರ, ದೆಹಲಿ

ಅಣ್ಣನ ಮಗಳು ದೆಹಲಿಯಲ್ಲಿ ಕೆಲಸದಲ್ಲಿದ್ದಾಳೆ, ಹಾಗಾಗಿ ಊರಿಗೆ ಬಳಸುದಾರಿ. ಪಟೇಲ್ ಚೌಕ್ ಮೆಟ್ರೊದಲ್ಲಿ ಇಳಿದರೆ ಸಂಸದ್ ಮಾರ್ಗದ ರಿಸರ್ವ್ ಬ್ಯಾಂಕ್ ಕಟ್ಟಡ ಹತ್ತಿರ. ದ್ವಾರದ ಎರಡು ಬದಿಗೆ ರಾಮ್‌ಕಿಂಕರರ ಯಕ್ಷ, ಯಕ್ಷಿ. ಫುಟ್‌ಪಾತಿನಿಂದಲೇ ಕಾಣುತ್ತವೆ. ಯಕ್ಷ ಕೈಗಾರಿಕೆಗೆ, ಯಕ್ಷಿ ಬೇಸಾಯಕ್ಕೆ. ಪ್ರಾಚೀನ ಮೂರ್ತಿಗಳಾದ ಮಥುರೆಯ ಮ್ಯೂಸಿಯಮ್ಮಿನ ಪಾರ್ಖಮ್ ಯಕ್ಷನನ್ನೂ ಕಲಕತ್ತೆ ಮ್ಯೂಸಿಯಮ್ಮಿನ ಬೆಸನಗರದ ಯಕ್ಷಿಯನ್ನೂ ಮನಸ್ಸಿನಲ್ಲಿಟ್ಟು, ಕಾಂಗ್ರಾ ಕಣಿವೆಯ ಬೈಜನಾಥ ಕಡೆಯ ಮರಳುಗಲ್ಲು ತರಿಸಿ, ಕೆಲಸ ವರ್ಷಗಟ್ಟಲೆ ಎಳೆದು 1967ರ ಹೊತ್ತಿಗೆ ಮುಗಿಯಿತು. ಯಕ್ಷಿಯ ಮೈಮೇಲೆ ಬಟ್ಟೆ ಇಲ್ಲವೆಂದು ಸಂಸತ್ತಿನಲ್ಲೂ ಪ್ರಶ್ನೆ ಎದ್ದಿತ್ತು.

"ಅತ್ತೆ, ನಾನು ದಿನಾ ಈ ಕಡೆಯಿಂದಲೇ ಹೋಗ್ತೇನೆ, ನೋಡಿದ್ದೇ ಇಲ್ಲ," ಎಂದಳು ಹುಡುಗಿ. ಅದರಲ್ಲಿ ಅವಳ ತಪ್ಪಿಲ್ಲ. ಭವ್ಯವಾಗಿವೆ, ಗಟ್ಟಿಯಾಗಿವೆ, ಆದರೆ ಕಾವಲಿಗೆ ನಿಂತವು. ದೊಡ್ಡ ಕಟ್ಟಡ, ದೊಡ್ಡ ಕಲ್ಲು, ಸರಕಾರದ ದುಡ್ಡು, ಎಲ್ಲ ಸಿಕ್ಕಿದಾಗ ಅವರ ಕೈ ಸ್ವಲ್ಪ ನಿಧಾನವಾಯಿತೇನೋ ಎಂಬುದು ನನ್ನ ಅನಿಸಿಕೆ, ಒಪ್ಪದವರು ಇದ್ದಾರೆ. ಅತ್ತಿಗೆಯೂ ಒಪ್ಪಲಿಲ್ಲ. ಕಲ್ಲನ್ನು ಕಲ್ಲಿನ ಹಾಗೆ, ಸಿಮೆಂಟನ್ನು ಸಿಮೆಂಟಿನ ಹಾಗೆ ಕೆಲಸ ಮಾಡಿದ್ದಾರೆ, ನಿನಗೆ ಎರಡೂ ಒಂದೇ ಥರ ಓಡಬೇಕು ಅಂದ್ರೆ ಹೇಗೆ ಎಂದು ಕೇಳಿದರು. ವಾದ ಮೆಟ್ರೊ ಮೆಟ್ಟಿಲಿನವರೆಗೂ ನಡೆಯಿತು. ಹುಡುಗಿ ಅಮ್ಮನ ಪರ ನಿಂತಳು.